ಜೋಡಿ ನಳಿಗೆಯ ಐಬು

ಮೊದಲು ನನ್ನ ಮೂರ್ಖತನ ಹೇಳಿಬಿಡುತ್ತೇನೆ, ಉಪದೇಶ ಆಮೇಲೆ. ನನ್ನ ಉಸ್ತಾದ್ ಇಮಾಮ್ ಸಾಬರ ಬಲಗೈ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ನಲವತ್ತು ವರ್ಷ ಅರ ಹಿಡಿದು ಬಂದೂಕು ರಿಪೇರಿ ಮಾಡಿದ ಕೈ ಅದು. ಈಗ ಚಹದ ಲೋಟವನ್ನೂ ಅವರು ಎಡಗೈಯಲ್ಲೇ ಎತ್ತುತ್ತಾರೆ. ಕಾರಣ ನಾನು. ಅರ್ಧ ನನ್ನ ಕೈ, ಇನ್ನರ್ಧ ನನ್ನ ಬಾಯಿ.

ನಿವೃತ್ತಿಯ ಅನುಭವ ಬರೆಯುವವನಿಗೆ ತಲೆ ನರೆತಿರಬೇಕೆಂಬ ಕಟ್ಟಳೆಯಿದ್ದರೆ ಕ್ಷಮಿಸಿ. ನನಗೆ ಮೂವತ್ತನಾಲ್ಕು. ಮಧುಗಿರಿ ಬೆಟ್ಟದ ಬುಡದ ಬಂದೂಕು ರಿಪೇರಿ ಅಂಗಡಿಯಲ್ಲಿ ಹದಿನೈದು ವರ್ಷ ದುಡಿದೆ. "ಇನ್ನು ನಾಲ್ಕು ಗುಂಡಿನ ಸದ್ದು ಕೇಳಿದ್ರೆ ಈ ಬಲಗಿವಿ ಕಡ್ಡಿ ಸಿಗಿಸ್ಕೊಳ್ಳೋಕೆ ಮಾತ್ರ" ಎಂದು ಕಿವಿ ಡಾಕ್ಟರು ಹೇಳಿದ ದಿನ ನಿವೃತ್ತನಾದೆ. ಬೀಳ್ಕೊಡುಗೆ, ಶಾಲು, ಹಾರ ಏನೂ ಇರಲಿಲ್ಲ. ಅಂಗಡಿಯಲ್ಲಿ ಇದ್ದವರೇ ಇಬ್ಬರು, ಅದರಲ್ಲೊಬ್ಬ ಹೊರಟವನು. ಬಡ್ತಿಯ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ: ಮೊದಲ ದಿನ ಅಂಗಡಿ ಗುಡಿಸಿದೆ, ಕೊನೆಯ ದಿನವೂ ಗುಡಿಸಿದೆ.

ಊರು ಕೊಡಿಗೇನಹಳ್ಳಿ, ಹೆಸರು ಕುಮಾರ. ಕರೆಯುತ್ತಿದ್ದದ್ದು ಟೇಪು ಎಂದು. ಯಾರ ದನಿ ಕೇಳಿದರೂ ಟೇಪ್ ರೆಕಾರ್ಡರಿನಂತೆ ಹಿಡಿದು ಮರಳಿ ಹೊರಡಿಸುವುದು ನನ್ನ ಚಾಳಿ. ಹಿಂದೂಪುರದ ಬಸ್ಸಿನ ಕಂಡಕ್ಟರು, ಹುಡುಗಿ ನೋಡಲು ಹೋಗಿ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದ ನಮ್ಮ ಚಿಕ್ಕಪ್ಪ, ಪರವಾನಗಿ ನೋಡಲು ಬಂದಾಗೆಲ್ಲ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಸಾಹೇಬರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಉಸ್ತಾದರಿಗೆ ಮಾತ್ರ ಸ್ವಂತ ಮನೆ. ಅವರು ಸಿರಾ ಕಡೆಯವರು. ಅವರ ಕೆಮ್ಮು, ಮಾತಿನ ಮುಂಚೆ ನಾಲಗೆ ಚಪ್ಪರಿಸುವುದು, "ಹುಷಾರ್ ಬೇಟಾ" ಎನ್ನುವುದು, ಎಲ್ಲ ಅಚ್ಚು ಹೊಡೆದ ಹಾಗೆ ಬರುತ್ತಿತ್ತು. ಅವರ ದನಿಯಲ್ಲಿ ನಾನು ಹೋಟೆಲಿಗೆ ಫೋನ್ ಮಾಡಿ ಬೋಂಡಾ ತರಿಸುತ್ತಿದ್ದೆ. "ನಾನ್ಯಾವಾಗ್ಲಾ ಬೋಂಡಾ ಹೇಳಿದ್ದು?" ಎನ್ನುತ್ತ ಅವರೂ ತಿನ್ನುತ್ತಿದ್ದರು. ಅವರು ನಕ್ಕದ್ದನ್ನು ನಾನು ಅನುಮತಿ ಎಂದುಕೊಂಡೆ. ಅದು ನನ್ನ ಮೊದಲ ತಪ್ಪು.

ಸಿನಿಮಾ ನೋಡಿ ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು. ಬಂದೂಕು ರಿಪೇರಿ ಎಂದರೆ ಮುಕ್ಕಾಲು ಪಾಲು ತುಕ್ಕು, ಉಳಿದ ಕಾಲು ಅರ್ಜಿ. ಚುನಾವಣೆ ಬಂತೆಂದರೆ ಬೆಳೆ ಕಾಯಲು ಪರವಾನಗಿ ಇಟ್ಟುಕೊಂಡವರೆಲ್ಲ ಬಂದೂಕು ಒಯ್ದು ಠಾಣೆಗೆ ಒಪ್ಪಿಸಬೇಕು. ಮತ ಎಣಿಕೆಯಾದ ಮೇಲೆ ಅವು ತುಕ್ಕು ಹಿಡಿದು ವಾಪಸು ಬರುತ್ತವೆ, ನೇರ ನಮ್ಮ ಅಂಗಡಿಗೆ. ಗೆದ್ದವರು ಯಾರೇ ಆಗಲಿ, ನಮಗೆ ಸುಗ್ಗಿ. ತೋವಿನಕೆರೆಯ ರೈತರೊಬ್ಬರು ಒಮ್ಮೆ "ಬಂದೂಕ ಗುಂಡು ನುಂಗ್ತಾ ಇಲ್ಲ" ಎಂದು ತಂದರು. ನಾನು ಒಂದು ಮಧ್ಯಾಹ್ನವೆಲ್ಲ ಸ್ಪ್ರಿಂಗು ಬಿಚ್ಚಿ ಗುದ್ದಾಡಿದೆ. ಉಸ್ತಾದರು ಬಂದು ನಳಿಗೆಯನ್ನು ಬೆಳಕಿಗೆ ಹಿಡಿದು, "ಒಳಗೆ ಕಣಜ ಗೂಡು ಕಟ್ಟೈತೆ. ನೀನು ಬಾಗ್ಲು ರಿಪೇರಿ ಮಾಡ್ತಿದೀಯ, ಮನೇಲಿ ಬಾಡಿಗೆದಾರ್ರು ಅವ್ರೆ" ಎಂದರು. ಮೊದಲು ನಳಿಗೆ ನೋಡಿ, ಆಮೇಲೆ ಜಾಣತನ ತೋರಿಸಿ. ಇದನ್ನು ಬರೆದಿಟ್ಟುಕೊಳ್ಳಿ.

ಇನ್ನೊಂದು ಸಲ ಬೆಂಗಳೂರಿನಿಂದ ಬಣ್ಣದ ಬಾಟಲಿ ತಂದೆ. ನಳಿಗೆಗೆ ಸವರಿದರೆ ಹತ್ತು ನಿಮಿಷದಲ್ಲಿ ಕರಿನೀಲಿ. ಉಸ್ತಾದರ ಪದ್ಧತಿಯಲ್ಲಿ ಅದೇ ಬಣ್ಣಕ್ಕೆ ಹತ್ತು ದಿನ: ದ್ರಾವಣ ಸವರಿ ತೆಳ್ಳಗೆ ತುಕ್ಕು ಬರಿಸಬೇಕು, ಕುದಿಸಬೇಕು, ಉಜ್ಜಬೇಕು, ಮತ್ತೆ ಸವರಬೇಕು. ನನ್ನ ಕೆಲಸ ತೋರಿಸಿದೆ. ನಾಲಗೆ ಚಪ್ಪರಿಸಿ ಅಂದರು: "ಚೆನ್ನಾಗೈತೆ. ಮದುವೆ ಹೆಣ್ಣಿನ ಮೇಕಪ್ಪು. ಮುಖ ತೊಳೆದ್ಮೇಲೆ ತೋರ್ಸು." ಮೂರು ತಿಂಗಳಿಗೆ ಮುಖ ತೊಳೆದೇಹೋಯಿತು.

ಆ ಅಂಗಡಿಗೆ ಒಂದು ಪದ್ಧತಿಯಿತ್ತು, ಅದಕ್ಕೆ 'ಐಬು ಹೇಳೋದು' ಎನ್ನುತ್ತಿದ್ದೆವು. ಯಾವ ಬಂದೂಕನ್ನೂ ಉಸ್ತಾದರು ಸುಮ್ಮನೆ ಕೊಡುತ್ತಿರಲಿಲ್ಲ. ಮೊದಲು ರಿಪೇರಿ ಮಾಡಿದವನ ಹೆಗಲು, ಆಮೇಲೆ ಯಜಮಾನನ ಹೆಗಲು. ನಾವು ಹೊಡೆದು ನೋಡಿ, ಬಂದೂಕನ್ನು ಎರಡೂ ಅಂಗೈ ಮೇಲೆ ಅಡ್ಡ ಇಟ್ಟುಕೊಂಡು, ಅದರಲ್ಲಿ ಉಳಿದಿರುವ ಕೊರತೆಗಳನ್ನೆಲ್ಲ ಯಜಮಾನನ ಮುಂದೆ ಒಂದೊಂದಾಗಿ ಹೇಳಬೇಕು. "ಎಡಕ್ಕೆ ಒಂದು ಗೇಣು ಎಳೀತದೆ. ಮಳೇಲಿ ಬೀಗ ಬಿಗಿಯಾಗ್ತದೆ. ಮರ ನಿಮ್ಮಜ್ಜನ ಕಾಲದ್ದು, ಬೀಳಿಸ್ಬ್ಯಾಡಿ." ಹೊಗಳಿಕೆ ಒಂದೂ ಇಲ್ಲ. ಹೆಣ್ಣು ಒಪ್ಪಿಸುವಾಗ ಅಪ್ಪ ಅಳಿಯನ ಮುಂದೆ ಮಗಳ ಮುಂಗೋಪ ಹೇಳಿದ ಹಾಗೆ ಎಂದು ನಾನು ಅಣಕಿಸುತ್ತಿದ್ದೆ. ಆ ಐಬಿನ ಪಟ್ಟಿ ಕೇಳಲೆಂದೇ ಪಾವಗಡದಿಂದ ಜನ ಬರುತ್ತಿದ್ದರೆಂಬುದು ನನಗೆ ಆಗ ತಿಳಿಯಲಿಲ್ಲ.

ನನಗೆ ಇಪ್ಪತ್ತೈದಾಗಿದ್ದಾಗ ಕೊಳಾಲದ ಸರ್ವಮಂಗಳಮ್ಮ ಟೀಚರು ಆಟೋದಲ್ಲಿ ಬಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹಣೆಯಲ್ಲಿ ವಿಭೂತಿ, ಕಾಲಲ್ಲಿ ಬಿಳಿ ಕ್ಯಾನ್‌ವಾಸ್ ಶೂ, ತೊಡೆಯ ಮೇಲೆ ಕಂಬಳಿ ಸುತ್ತಿದ ಒಂದು ವಸ್ತು. ಬಿಚ್ಚಿದರೆ ಜೋಡಿ ನಳಿಗೆಯ ರೈಫಲ್ಲು. ಆನೆ, ಕಾಡೆಮ್ಮೆ ಹೊಡೆಯಲೆಂದು ಮಾಡಿದ್ದು. ಐದು ಕಿಲೋ ತೂಕ, ಬಜ್ಜಿ ಮೆಣಸಿನಕಾಯಿ ಗಾತ್ರದ ಗುಂಡು. ನಳಿಗೆಯ ಮೇಲೆ ತುಕ್ಕು, ಮರ ಒಣಗಿ ಬೂದಿ ಬಣ್ಣ.

"ನಮ್ಮ ಸೀಮೇಲಿ ಆನೆ ಎಲ್ಲಿದ್ವು ಟೀಚರಮ್ಮಾ?" ಎಂದೆ.

"ಇರ್ಲಿಲ್ಲ ಕಣಪ್ಪಾ. ಯಾರೋ ಬಿಳಿ ದೊರೆ ಊರು ಬುಟ್ಟು ಹೋಗ್ತಾ ಅಪ್ಪಾಜಿಗೆ ಕೊಟ್ಟೋಗಿದ್ದು. ಅಪ್ಪಾಜಿ ಒಂದೇ ಸಲ ಹುಣಸೆಮರಕ್ಕೆ ಹೊಡೆದ್ರು. ಮರಕ್ಕೇನೂ ಆಗ್ಲಿಲ್ಲ. ಅಪ್ಪಾಜಿ ಮೂರು ದಿನ ಮಲಗಿದ್ರು."

ಉಸ್ತಾದರು ನಗದೆ ಕೇಳಿದರು: "ಈಗ ಏನು ಮಾಡ್ಬೇಕು ಅಂತೀರಿ?"

"ಚಿಕ್ಕವಳಿದ್ದಾಗ ಮುಟ್ಟಕ್ಕೋದ್ರೆ 'ಹೆಣ್ಣುಡುಗ್ರು ಮುಟ್ಟೋ ಸಾಮಾನಲ್ಲ' ಅನ್ನೋರು. ನನ್ ತಮ್ಮ ಮುಟ್ಟಬೋದಾಗಿತ್ತು. ಅವನಿಗೆ ಪಟಾಕಿ ಕಂಡ್ರೇ ಜ್ವರ. ಈಗ ಲೈಸೆನ್ಸು ನನ್ನೆಸರಲ್ಲೈತೆ. ಇದನ್ನ ಸರ್ಕಾರಕ್ಕೆ ಒಪ್ಪಿಸ್ಬುಡ್ತೀನಿ ಸಾಬರೇ. ಅದಕ್ಕೆ ಮುಂಚೆ ಒಂದು ಗುಂಡು ನಾನು ಹೊಡೀಬೇಕು. ಯಾವ ಪ್ರಾಣಿಗೂ ಅಲ್ಲ, ಬರೀ ತಗಡಿಗೆ. ಆದ್ರೆ ನನ್ನ ಹೆಗಲ ಮೇಲಿಟ್ಕೊಂಡೇ ಹೊಡೀಬೇಕು."

ಉಸ್ತಾದರು ಬಂದೂಕನ್ನು ಎರಡು ಅಂಗೈಯಲ್ಲಿ ತೆಗೆದುಕೊಂಡರು. "ಎರಡು ತಿಂಗಳು ಕೊಡಿ" ಎಂದರು.

ಎರಡು ತಿಂಗಳು ನಾವು ಬೇರೆ ಕೆಲಸ ಕಡಿಮೆ ಮಾಡಿದೆವು. ಒಂದೊಂದು ತಿರುಪನ್ನೂ ಎಣ್ಣೆಯಲ್ಲಿ ನೆನೆಸಿ ಬಿಚ್ಚಿದೆವು. ನಳಿಗೆಗೆ ಹತ್ತು ದಿನದ ಬಣ್ಣವನ್ನು ಹತ್ತು ದಿನ ತೆಗೆದುಕೊಂಡೇ ಬರಿಸಿದೆವು. ಆ ಮರ ಅಕ್ರೋಟಿನದು. ಅಗಸೆ ಎಣ್ಣೆ ಹನಿ ಹನಿ ಹಾಕಿ ಅಂಗೈ ಬಿಸಿಯಾಗುವವರೆಗೆ ತಿಕ್ಕಿದರೆ ಬೂದಿಯ ಕೆಳಗಿನಿಂದ ಕಂದು ಗೆರೆಗಳು ಒಂದೊಂದಾಗಿ ಎದ್ದುಬಂದವು. ಇಷ್ಟರವರೆಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಪರೀಕ್ಷೆಯ ದಿನ ಸಿರಾದಲ್ಲಿ ಉಸ್ತಾದರ ಅಣ್ಣನ ಮಗಳ ನಿಕಾಹ್. ಹೊರಡುವ ಮುಂಚೆ ಎರಡು ಗುಂಡು ಕೈಗಿಟ್ಟು ಹೇಳಿದರು: "ಕ್ವಾರಿಗೆ ಹೋಗು. ಮರಳು ಮೂಟೆಗೆ ಬಂದೂಕ ಕಟ್ಟು, ಕುದುರೆಗೆ ದಾರ ಕಟ್ಟು, ದೂರ ನಿಂತು ಎಳಿ. ಮೊದ್ಲು ಬಲ, ಆಮೇಲೆ ಎಡ. ಹೆಗಲಿಗೆ ಇಡಬ್ಯಾಡ. ಇದು ನಿನ್ನ ಅಣಕ ನೋಡಿ ನಗೋ ಸಾಮಾನಲ್ಲ. ಹುಷಾರ್ ಬೇಟಾ." ಕುದುರೆ ಎಂದರೆ ನಮ್ಮಲ್ಲಿ ಟ್ರಿಗರ್. ಆ ಬಂದೂಕಿಗೆ ಎರಡು ಕುದುರೆ, ಒಂದರ ಹಿಂದೆ ಒಂದು: ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡಕ್ಕೆ.

ಗುಂಡು ಪರೀಕ್ಷೆಗೆ ನಮಗೆ ಅನುಮತಿಯಿದ್ದದ್ದು ಕೆಲಸ ನಿಂತ ಒಂದು ಕಲ್ಲುಕ್ವಾರಿಯಲ್ಲಿ. ಅಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಗುರಿಗೆ ಒಂದು ತಗಡು. ಆ ತಗಡು ಈಗ ನಮ್ಮ ಮನೆಯಲ್ಲಿದೆ. ಅದರ ನಟ್ಟನಡುವೆ ಒಂದು ತೂತಿದೆ. ಅದು ನಾನು ಹೊಡೆದದ್ದಲ್ಲ, ಉಸ್ತಾದರು ಹೊಡೆದದ್ದೂ ಅಲ್ಲ.

ಕ್ವಾರಿಯ ಕಾವಲುಗಾರ ನರಸಿಂಹಣ್ಣ ಪಾವಗಡದ ಗಡಿಯವನು, ತೆಲುಗಿಗೆ ಕನ್ನಡ ಕಲಸಿ ಮಾತಾಡುವವನು. ಮೂಟೆ ಹೊರಲು ಬಂದ. ನನಗೆ ಪ್ರೇಕ್ಷಕನೊಬ್ಬ ಸಿಕ್ಕಿದ, ಸಾಕಲ್ಲ? ಮೂಟೆ ಕಟ್ಟುವುದನ್ನು ಬಿಟ್ಟು, ಟವೆಲನ್ನು ಟೋಪಿಯಂತೆ ತಲೆಗೆ ಸುತ್ತಿ, ಬಂದೂಕು ಎತ್ತಿ ಬಿಳಿ ದೊರೆಯಾದೆ. "ವೆಲ್, ನರಸಿಂಹ! ವೇರ್ ಈಸ್ ಅವರ್ ಎಲಿಫೆಂಟ್?" ನರಸಿಂಹಣ್ಣ ಹೊಟ್ಟೆ ಹಿಡಿದು ನಕ್ಕ. ಅವನು ನಕ್ಕಷ್ಟೂ ನಾನು ಉಬ್ಬಿದೆ. ಹೆಗಲಿಗಿಟ್ಟೆ. ಎಡಗಾಲು ಮುಂದೆ, ಬೆನ್ನು ಹಿಂದೆ, ಸಿನಿಮಾದಲ್ಲಿ ನಿಲ್ಲುವ ಹಾಗೆ. ಆ ಬಂದೂಕಿಗೆ ಮೈ ಮುಂದಕ್ಕೆ ಬಾಗಿಸಬೇಕು. ಮುಂದಿನ ಕುದುರೆ ಎಳೆದೆ.

ಯಾರೋ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ನನ್ನ ಮೇಲೆ ಎಸೆದರು. ಹಾಗನ್ನಿಸಿತು. ಬಂದೂಕು ಹಿಂದಕ್ಕೆ ನುಗ್ಗಿದ ರಭಸಕ್ಕೆ ಬೆರಳು ಜಾರಿ ಹಿಂದಿನ ಕುದುರೆಗೆ ಬಿತ್ತು, ಎರಡನೆಯದೂ ಹಾರಿತು. ನಾನು ಅಂಗಾತ ಬಿದ್ದಿದ್ದೆ. ಬಲಗಿವಿಯಲ್ಲಿ ಜೀರುಂಡೆ. ಅದು ಇವತ್ತಿಗೂ ಅಲ್ಲೇ ಇದೆ. ಬಂದೂಕು ಮೂರು ಮಾರು ದೂರದ ಬಂಡೆಯ ಮೇಲೆ.

ನರಸಿಂಹಣ್ಣ ಬಗ್ಗಿ ನೋಡಿ ಕೇಳಿದ: "ಏಮಿ ದೊರಾ, ಬತಿಕುನ್ನಾವಾ? ಬದುಕಿದೀಯಾ? ಆನೆ ಓಡೋಯ್ತು."

ಎದ್ದು ಬಂದೂಕು ನೋಡಿದೆ. ಹಿಡಿಯುವ ಜಾಗದಲ್ಲಿ ಮರ ಸಣ್ಣಗಾಗುತ್ತದಲ್ಲ, ಅದಕ್ಕೆ ನಾವು ಕತ್ತು ಎನ್ನುತ್ತೇವೆ. ಆ ಕತ್ತಿನಲ್ಲಿ ಕೂದಲೆಳೆಯಷ್ಟು ಸೀಳು. ತಿರುಚಿದರೆ ಬಾಯಿ ಬಿಡುತ್ತಿತ್ತು.

ಉಸ್ತಾದರಿಗೆ ಹೇಳಿದ್ದರೆ ಎರಡು ಬೈಗುಳ, ಎರಡು ವಾರದ ಕೆಲಸ. ಕಬ್ಬಿಣ ಬಿಚ್ಚಿ, ಒಳಗೆ ಹಿತ್ತಾಳೆಯ ತಿರುಪು ಕೂರಿಸಬೇಕಿತ್ತು. ನಾನು ಏನು ಮಾಡಿದೆ? ಅವರು ಸಿರಾದಿಂದ ಬರುವಷ್ಟರಲ್ಲಿ ಸೀಳಿಗೆ ಅಂಟು ಕುಡಿಸಿ, ಬಟ್ಟೆ ಬಿಗಿದು, ಒಣಗಿದ ಮೇಲೆ ಅಕ್ರೋಟಿನ ಪುಡಿ ಅರಗಿನಲ್ಲಿ ಕಲಸಿ ತುಂಬಿ, ಎಣ್ಣೆ ತಿಕ್ಕಿದೆ. ಗೆರೆಗೆ ಗೆರೆ ಕೂಡಿಸಿದೆ. ಹದಿನೈದು ವರ್ಷದಲ್ಲಿ ನಾನು ಮಾಡಿದ ಅತಿ ಚೆಂದದ ಕೆಲಸ ಅದೇ. ಉಸ್ತಾದರಿಗೂ ಕಾಣಲಿಲ್ಲ. ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿದೇ ಮಾಡಿದ್ದೆ.

ಮರುದಿನ ಉಸ್ತಾದರು ನಮಾಜಿಗೆ ಹೋದಾಗ ಅವರ ಮೊಬೈಲು ಚಾರ್ಜಿಗಿತ್ತು. ಟೀಚರಮ್ಮನ ಹೆಸರು ಬಂತು. ಎತ್ತಿದೆ. "ಸಾಬರೇ, ಪರೀಕ್ಷೆ ಆಯ್ತಾ? ಮರ ತಡೀತಾ? ಹಳೇ ಮರ, ನಂಗದೇ ಯೋಚ್ನೆ" ಎಂದರು. ಕುಮಾರನಾಗಿ ಮಾತಾಡಿದ್ದರೆ "ಸಾಬರು ಬಂದ ಮೇಲೆ ಮಾಡ್ರಮ್ಮಾ" ಎನ್ನಬೇಕಿತ್ತು. ಟೀಚರಮ್ಮ ಮತ್ತೆ ಫೋನ್ ಮಾಡುತ್ತಿದ್ದರು, ಉಸ್ತಾದರು ಮರವನ್ನು ಇನ್ನೊಮ್ಮೆ ಪರೀಕ್ಷಿಸುತ್ತಿದ್ದರು. ನಾನು ಕೆಮ್ಮಿದೆ. ನಾಲಗೆ ಚಪ್ಪರಿಸಿದೆ. ಉಸ್ತಾದರ ದನಿಯಲ್ಲಿ ಹೇಳಿದೆ: "ಐಬೇನೂ ಇಲ್ಲ ಟೀಚರಮ್ಮಾ. ಮರ ಕಬ್ಬಿಣ ಇದ್ದಂಗೈತೆ. ಭಾನುವಾರ ಬಂದ್ಬುಡಿ."

ಭಾನುವಾರ ಬೆಳಿಗ್ಗೆ ಕ್ವಾರಿಯಲ್ಲಿ ಟೀಚರಮ್ಮ ಸೆರಗು ಸಿಕ್ಕಿಸಿ, ಹೆಗಲಿಗೆ ಮಡಚಿದ ಟವೆಲು ಪಿನ್ನು ಮಾಡಿಕೊಂಡು ಸಿದ್ಧವಾಗಿದ್ದರು. ಕನ್ನಡಕಕ್ಕೆ ದಾರ ಕಟ್ಟಿದ್ದರು. ಉಸ್ತಾದರು, "ನಿಲ್ಲಿ, ಮೊದ್ಲು ನಂದು" ಎಂದು ಬಂದೂಕಿಗೆ ಒಂದು ಗುಂಡು ತುಂಬಿದರು. ಆಗ ನಾನು ಬಾಯಿ ತೆರೆದೆ. ನಿಜವಾಗಿಯೂ ಹೇಳಲೆಂದೇ ತೆರೆದೆ. ಹೊರಬಂದದ್ದು ಕ್ರಿಕೆಟ್ ಕಾಮೆಂಟರಿ: "ಪೆವಿಲಿಯನ್ ಕಡೆಯಿಂದ ಬ್ಯಾಟಿಂಗಿಗೆ ಬರುತ್ತಿದ್ದಾರೆ ಸಿರಾದ ಹುಲಿ ಇಮಾಮ್ ಸಾಬ್..." ಟೀಚರಮ್ಮ ನಕ್ಕರು. ಉಸ್ತಾದರೂ ನಕ್ಕರು. ನಗುತ್ತಲೇ ಮೈ ಮುಂದಕ್ಕೆ ಬಾಗಿಸಿ ಕುದುರೆ ಎಳೆದರು.

ಕತ್ತು ಮುರಿಯಿತು. ಮರದ ಅರ್ಧ ಅವರ ಹೆಗಲಲ್ಲೇ ಉಳಿಯಿತು. ನಳಿಗೆ ಮತ್ತು ಕಬ್ಬಿಣ ಪೂರ್ತಿ ವೇಗದಲ್ಲಿ ಹಿಂದಕ್ಕೆ ಬಂದು ಹೆಬ್ಬೆರಳಿನ ಬುಡಕ್ಕೆ ಹೊಡೆದು ಕೆನ್ನೆ ಸೀಳಿತು. ಅವರು ಅಲ್ಲೇ ಕೂತರು. ಮುರಿದ ಮರವನ್ನು ಎಡಗೈಯಲ್ಲಿ ಎತ್ತಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಅರ್ಧ ಭಾಗ ಹೊಸ ಮುರುಕು, ಬೆಳ್ಳಗೆ. ಉಳಿದರ್ಧ ಅಂಟಿನಿಂದ ಹೊಳೆಯುತ್ತಿತ್ತು.

ಮಧುಗಿರಿಯ ಆಸ್ಪತ್ರೆಯಲ್ಲಿ ಕೈಗೆ ಕಟ್ಟು ಹಾಕಿದ ಮೇಲೆ ಟೀಚರಮ್ಮ ಹತ್ತಿರ ಬಂದರು. "ಫೋನಲ್ಲಿ ನೀವೇ ಅಂದ್ರಲ್ಲ ಸಾಬರೇ, ಮರ ಕಬ್ಬಿಣ ಇದ್ದಂಗೈತೆ ಅಂತ?"

ಉಸ್ತಾದರು ನನ್ನ ಕಡೆ ನೋಡಿದರು. ಆಮೇಲೆ ಅವರತ್ತ ತಿರುಗಿ, "ಹೌದು ಟೀಚರಮ್ಮಾ. ಅಂದಿದ್ದೆ" ಎಂದರು.

ಬೈದಿದ್ದರೆ ಅವರ ಬೈಗುಳವನ್ನೂ ಟೇಪು ಮಾಡಿಕೊಂಡು ಬದುಕುತ್ತಿದ್ದೆ. ಅವರು ಬೈಯಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಮಾರನೆಯ ವಾರ ಕೈ ಜೋಳಿಗೆಯಲ್ಲಿ ತೂಗಿಸಿಕೊಂಡು ಬಂದು ನನ್ನೆದುರು ಸ್ಟೂಲಿನ ಮೇಲೆ ಕೂತರು. "ಅಂಟು ಬಿಡಿಸು" ಎಂದರು. ಹಬೆ ಹಿಡಿದು, ದಬ್ಬಣದ ತುದಿಯಲ್ಲಿ ನಾನು ತುಂಬಿದ್ದ ಅಂಟನ್ನು ನಾನೇ ಕೆರೆದೆ, ನಾಲ್ಕು ದಿನ. ನನ್ನ ಅತಿ ಚೆಂದದ ಕೆಲಸ ಪುಡಿಪುಡಿಯಾಗಿ ಕಾಗದದ ಮೇಲೆ ಬಿತ್ತು. ಒಳಗೆ ಹಿತ್ತಾಳೆಯ ತಿರುಪು ಎರಡು ಕೂರಿಸಿದೆ. ಹಿಂಬದಿಗೆ ರಬ್ಬರಿನ ಮೆತ್ತೆ ಹಾಕಿದೆ. ಮತ್ತೆ ಅಗಸೆ ಎಣ್ಣೆ, ಮತ್ತೆ ಅಂಗೈ. "ಇನ್ನೂ." "ಸಾಕು." "ತಿರುಗ್ಸು." ದಿನಕ್ಕೆ ಇಷ್ಟೇ ಮಾತು. ಒಮ್ಮೆ ಅಭ್ಯಾಸಬಲದಿಂದ ಅವರಂತೆ ಕೆಮ್ಮಿಬಿಟ್ಟೆ. ಅವರು ತಲೆ ಎತ್ತಲಿಲ್ಲ. ಸೀಳು ಈ ಸಲ ಮುಚ್ಚಲಿಲ್ಲ, ಸಣ್ಣ ಗೆರೆಯಾಗಿ ಕಾಣುವ ಹಾಗೆ ಬಿಡಲು ಹೇಳಿದರು.

ಎರಡು ತಿಂಗಳ ಮೇಲೆ ಮತ್ತೆ ಕ್ವಾರಿ. ಅದೇ ಟೀಚರಮ್ಮ, ಅದೇ ಶೂ, ಅದೇ ಟವೆಲು. ರಿಪೇರಿ ಮಾಡಿದವನ ಹೆಗಲು ಮೊದಲು, ಈ ಸಲ ಅದು ನನ್ನದು. ಆ ಬಂದೂಕು ಏನು ಮಾಡುತ್ತದೆಂದು ಮೈಗೆ ಗೊತ್ತಿತ್ತು. ಟವೆಲು ತಲೆಗೆ ಸುತ್ತಲಿಲ್ಲ. ಮೈ ಬಾಗಿಸಿ, ಬಲ ನಳಿಗೆ ಹೊಡೆದೆ. ನಿಂತೆ. ಎಡ ಹೊಡೆದೆ. ಮರ ತಡೆಯಿತು. ತಗಡಿನ ಅಂಚಿನಲ್ಲಿ ಎರಡು ತೂತು.

ಬಂದೂಕು ತೆರೆದು ಖಾಲಿ ಮಾಡಿ ಉಸ್ತಾದರಿಗೆ ಕೊಡಲು ಹೋದೆ. ಅವರು ಕೈ ಚಾಚಲಿಲ್ಲ.

"ಐಬು ನೀನೇ ಹೇಳು."

ಎರಡು ಅಂಗೈ ಮೇಲೆ ಇಟ್ಟುಕೊಂಡೆ. ಟೀಚರಮ್ಮನ ಮುಂದೆ ನಿಂತೆ. ಬಾಯಿ ತೆರೆದರೆ ಮೊದಲು ಬಂದದ್ದು ನಾಲಗೆ ಚಪ್ಪರಿಸುವ ಸದ್ದು, ಆಮೇಲೆ ಸಿರಾದ ದನಿ: "ಕೇಳಿ ಟೀಚರಮ್ಮಾ..."

"ಲೇ ಕುಮಾರ" ಎಂದರು ಉಸ್ತಾದರು. "ನನ್ ದನಿ ಇಲ್ಲೇ ಕೂತೈತೆ. ನಿಂದು ತೆಗಿ."

ನನ್ನದು ಹೊರಟಿತು. ತೆಳ್ಳಗೆ, ಸ್ವಲ್ಪ ಮೂಗಿನಿಂದ. ಅಷ್ಟು ವರ್ಷ ಯಾರೂ ಅದನ್ನು ಅಣಕಿಸದೆ ಬಿಟ್ಟದ್ದು ಅವರ ದೊಡ್ಡತನ.

"ಕತ್ತಿನಲ್ಲಿ ಸೀಳೈತೆ ಟೀಚರಮ್ಮಾ, ಕಾಣ್ತದೆ. ಒಳಗೆ ಎರಡು ತಿರುಪು ಹಾಕಿದೀನಿ. ಕೆಳಗೆ ಬೀಳಿಸ್ಬ್ಯಾಡಿ. ಎರಡು ಕುದುರೆ ಮೇಲೂ ಒಟ್ಟಿಗೆ ಬೆರಳಿಡಬ್ಯಾಡಿ. ಬಲಕ್ಕೆ ನಾಲ್ಕು ಬೆರಳು ಎಳೀತದೆ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. "ಆ ಸೀಳು ಹಳೇದಲ್ಲ. ನಾನು ಮಾಡಿದ್ದು. ಮೂಟೆಗೆ ಕಟ್ಟು ಅಂದಿದ್ರು, ದೊರೆ ವೇಷ ಹಾಕಿ ಹೆಗಲಿಗಿಟ್ಟೆ. ಸೀಳಿಗೆ ಅಂಟು ಹಾಕಿ ಮುಚ್ಚಿದೆ. ಫೋನಲ್ಲಿ ಮಾತಾಡಿದ್ದು ಉಸ್ತಾದ್ ಅಲ್ಲ, ನಾನು, ಅವರ ದನೀಲಿ. ಅವ್ರು ಹೊಡೆದ್ಮೇಲೆ ನಿಮ್ ಕೈಗೇ ಬರೋದಿತ್ತು ಅಂತ ಗೊತ್ತಿದ್ದೂ ಬಾಯಿ ಬುಡ್ಲಿಲ್ಲ. ತಮಾಷೆ ಮಾಡ್ದೆ."

ಉಸ್ತಾದರು ಮಣ್ಣಿನ ದಿಬ್ಬದ ಕಡೆ ನೋಡುತ್ತಿದ್ದರು. ಟೀಚರಮ್ಮ ನನ್ನ ಮುಖ ನೋಡಲಿಲ್ಲ. ಉತ್ತರ ಪತ್ರಿಕೆಯಲ್ಲಿ ತಪ್ಪು ಹುಡುಕುವವರ ಹಾಗೆ ಕತ್ತಿನ ಗೆರೆಯ ಮೇಲೆ ಉಗುರು ಎಳೆದರು, ಈ ತುದಿಯಿಂದ ಆ ತುದಿಗೆ. ಉಸ್ತಾದರ ಹೆಬ್ಬೆರಳನ್ನು ಒಮ್ಮೆ ನೋಡಿದರು. ಕನ್ನಡಕದ ದಾರ ಬಿಗಿಮಾಡಿಕೊಂಡು ನನ್ನ ಕೈಯಿಂದ ಬಂದೂಕು ಎತ್ತಿಕೊಂಡರು.

"ನಾನು ಕೇಳಿದ್ದು ಬಂದೂಕಿನ ಐಬು ಕಣಪ್ಪಾ, ನಿಂದಲ್ಲ. ಬಂದೂಕಿಂದು ಮುಗೀತು ಅಂದ್ರೆ ಗುಂಡು ಕೊಡಿಲ್ಲಿ."